ಡಾಕ್‌ಗೆ ಇರುವುದು ಎರಡೇ ಕೆಲಸ

ಇವತ್ತು ನಾನು ಮಾತಾಡಲು ಆರಿಸಿಕೊಂಡಿರುವುದು ಬಹಳ ಪುಟ್ಟ ಪ್ರೋಗ್ರಾಂ ಒಂದರ ಬಗ್ಗೆ. ಅದರ ಹೆಸರು ಪ್ಲ್ಯಾಂಕ್. ಲಿನಕ್ಸ್ ಡೆಸ್ಕ್‌ಟಾಪ್‌ನ ಅಂಚಿನಲ್ಲಿ ಐಕಾನ್‌ಗಳ ಒಂದು ಸಾಲು ತಂದಿಡುತ್ತದೆ, ಅಷ್ಟೇ. ಇಂಥ ಸಾಲಿಗೆ ಡಾಕ್ ಅನ್ನುತ್ತಾರೆ. ಇಷ್ಟಕ್ಕೆ ಒಂದು ಉಪನ್ಯಾಸ ಬೇಕಾ ಅಂತ ನಿಮಗೆ ಅನಿಸಬಹುದು. ಬೇಕು ಅಂತ ನನಗನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

ನಿಮ್ಮಲ್ಲಿ ಬಹಳ ಜನ ಇಲ್ಲಿಗೆ ಬಂದಿರುವುದು ಮನೆಯಲ್ಲಿರುವ ಹಳೇ ಕಂಪ್ಯೂಟರ್‌ಗೆ ಏನು ಮಾಡೋದು ಅನ್ನುವ ಪ್ರಶ್ನೆ ಇಟ್ಟುಕೊಂಡು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಸರಿ, ವಿಂಡೋಸ್ 11 ಹಾಕೋಣ ಅಂದರೆ ಅದಕ್ಕೆ ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನದ್ದಾದರೂ ಇರಬೇಕು. ಆ ತಲೆಮಾರು ಬಂದದ್ದೇ 2017ರಲ್ಲಿ. ಅದಕ್ಕಿಂತ ಹಿಂದೆ ಕೊಂಡ ಮೆಷಿನ್‌ಗಳಲ್ಲಿ ಎಷ್ಟೋ ಇನ್ನೂ ಗಟ್ಟಿಮುಟ್ಟಾಗಿವೆ. ಅವಕ್ಕೆ ಲಿನಕ್ಸ್ ಮಿಂಟೋ ಜುಬುಂಟುವೋ ಹಾಕಿದರೆ ಇನ್ನಷ್ಟು ವರ್ಷ ಆರಾಮಾಗಿ ಓಡುತ್ತವೆ.

ಹಾಕೋದು ಕಷ್ಟವಲ್ಲ. ಆಮೇಲೆ ಆ ಕಂಪ್ಯೂಟರ್ ಮುಂದೆ ಅಪ್ಪನೋ ಅಜ್ಜಿಯೋ ಬಂದು ಕೂರುತ್ತಾರಲ್ಲ, ಆಗ ಶುರುವಾಗುತ್ತದೆ ನಿಜವಾದ ಪರೀಕ್ಷೆ. ಕರ್ನಲ್ ಯಾವ ಆವೃತ್ತಿ ಅಂತ ಅವರು ಕೇಳುವುದಿಲ್ಲ. 'ಗೂಗಲ್ ಎಲ್ಲಪ್ಪ? ಫೋಟೋ ಎಲ್ಲಿ? ಆಗಲೇ ತೆಗೆದಿದ್ನಲ್ಲ, ಅದೆಲ್ಲಿ ಹೋಯ್ತು?' ಇಷ್ಟೇ ಕೇಳುತ್ತಾರೆ. ಈ ಪ್ರಶ್ನೆಗಳಿಗೆಲ್ಲ ಉತ್ತರ ಕೊಡುವುದು ಡಾಕ್. ಮೊದಲ ಸಲ ಲಿನಕ್ಸ್ ಮುಟ್ಟುವವರಿಗೆ ಆ ಐಕಾನ್‌ಗಳ ಸಾಲೇ ಕಂಪ್ಯೂಟರ್.

ಅವರು ಕೇಳಿದ್ದನ್ನು ಇನ್ನೊಮ್ಮೆ ಗಮನಿಸಿ. ಅದರಲ್ಲಿ ಎರಡು ಬಗೆಯ ಪ್ರಶ್ನೆಗಳಿವೆ. ಒಂದು, ಬೇಕಾದದ್ದನ್ನು ಎಲ್ಲಿಂದ ತೆರೆಯಲಿ? ಇನ್ನೊಂದು, ತೆರೆದದ್ದು ಈಗ ಎಲ್ಲಿದೆ? ಡಾಕ್‌ಗೆ ಇರುವುದು ಈ ಎರಡೇ ಕೆಲಸ. ಮೊದಲನೆಯದು ಸುಲಭ. ಐಕಾನ್ ಒತ್ತಿದರೆ ಪ್ರೋಗ್ರಾಂ ಶುರು ಮಾಡುವುದನ್ನು ಯಾರು ಬೇಕಾದರೂ ಬರೆಯಬಹುದು. ಎರಡನೆಯದು ಮಹಾ ಕಷ್ಟ. ನನ್ನ ಇವತ್ತಿನ ಮಾತೆಲ್ಲ ಆ ಎರಡನೇ ಕೆಲಸದ್ದೇ.

ಸ್ವಲ್ಪ ಹಿಂದಕ್ಕೆ ಹೋಗಿ ಬರೋಣ. ಪರದೆಯ ಕೆಳಗೆ ಐಕಾನ್‌ಗಳ ಪಟ್ಟಿ ಇಡುವುದನ್ನು 1987ರಲ್ಲೇ ಬ್ರಿಟನ್ನಿನ ಏಕಾರ್ನ್ ಕಂಪನಿ ತನ್ನ ಆರ್ಕಿಮಿಡೀಸ್ ಕಂಪ್ಯೂಟರ್‌ಗಳಲ್ಲಿ ಮಾಡಿತ್ತು. 'ಡಾಕ್' ಅನ್ನುವ ಹೆಸರಿನ ಜೊತೆ ನಮಗೆ ಪರಿಚಯವಾದ ರೂಪ ಬಂದದ್ದು ನೆಕ್ಸ್ಟ್ ಕಂಪ್ಯೂಟರ್‌ಗಳಿಂದ. ಅವುಗಳ ಆಪರೇಟಿಂಗ್ ಸಿಸ್ಟಂ ಆದ ನೆಕ್ಸ್ಟ್‌ಸ್ಟೆಪ್‌ನ ಮೊದಲ ಆವೃತ್ತಿ 1989ರದ್ದು. ಅದರಲ್ಲಿ ಡಾಕ್ ಬಲಗಡೆಯ ಅಂಚಿನಲ್ಲಿ ಮೇಲಿಂದ ಕೆಳಕ್ಕೆ ಇರುತ್ತಿತ್ತು. ಇನ್ನೂ ಶುರುವಾಗದ ಪ್ರೋಗ್ರಾಂನ ಐಕಾನ್ ಮೂಲೆಯಲ್ಲಿ ಮೂರು ಚುಕ್ಕಿ ಇಡುತ್ತಿದ್ದರು. ಶುರುವಾದ ಮೇಲೆ ಚುಕ್ಕಿ ಹೋಗುತ್ತಿತ್ತು. ಈಗ ನಾವು ಮಾಡುವುದು ಸರಿಯಾಗಿ ಇದರ ತಿರುಗುಮುರುಗು. ಓಡುತ್ತಿರುವುದರ ಕೆಳಗೆ ಚುಕ್ಕಿ ಇಡುತ್ತೇವೆ. ಏನೇ ಇರಲಿ, ತೆರೆಯುವುದರ ಜೊತೆಗೆ ತೆರೆದದ್ದನ್ನು ತೋರಿಸುವುದೂ ಡಾಕ್‌ನ ಕೆಲಸ ಅನ್ನುವುದು ಅವತ್ತೇ ಇತ್ತು. ಆಪಲ್ ಕಂಪನಿ ನೆಕ್ಸ್ಟ್ ಅನ್ನು ಕೊಂಡುಕೊಂಡ ಮೇಲೆ ಅದೇ ಡಾಕ್ 2001ರ ಮ್ಯಾಕ್ ಓಎಸ್ ಟೆನ್‌ನಲ್ಲಿ ಕೆಳಗಿನ ಅಂಚಿಗೆ ಬಂದು ಕೂತಿತು.

ನಮ್ಮ ಕಡೆ, ಅಂದರೆ ಓಪನ್ ಸೋರ್ಸ್ ಕಡೆ, ನೆಕ್ಸ್ಟ್ ರೂಪವನ್ನು ವಿಂಡೋ ಮೇಕರ್ ಅನ್ನುವ ಪ್ರೋಗ್ರಾಂ 1990ರ ದಶಕದಲ್ಲೇ ತಂದಿತ್ತು. ಆದರೆ ಪ್ಲ್ಯಾಂಕ್‌ನ ವಂಶ ಬೇರೆ. ಗ್ನೋಮ್ ಡು ಅಂತ ಒಂದು ಪ್ರೋಗ್ರಾಂ ಇತ್ತು. ಕೀಬೋರ್ಡ್‌ನಲ್ಲಿ ಎರಡಕ್ಷರ ಒತ್ತಿದರೆ ಬೇಕಾದದ್ದನ್ನು ಹುಡುಕಿ ತೆರೆಯುತ್ತಿತ್ತು. 2009ರಲ್ಲಿ ಅದಕ್ಕೊಂದು ಡಾಕ್ ರೂಪ ಬಂತು, ಹೆಸರು ಡಾಕಿ. ಜನ ಅದನ್ನು ಎಷ್ಟು ಮೆಚ್ಚಿದರು ಅಂದರೆ ಡಾಕಿ ಬೇರೆಯೇ ಪ್ರೋಗ್ರಾಂ ಆಯಿತು. ನೋಡಲು ಚೆನ್ನಾಗಿತ್ತು, ಹವಾಮಾನ, ಮೇಲ್, ಬುಕ್‌ಮಾರ್ಕ್ ಅಂತ ಹತ್ತಾರು ಕೆಲಸಗಳೂ ಇದ್ದವು. ಆದರೆ ಅದನ್ನು ಬರೆದದ್ದು ಸಿ ಶಾರ್ಪ್‌ನಲ್ಲಿ. ಓಡಬೇಕಾದರೆ ಹಿಂದೆ ಮೋನೋ ಅನ್ನುವ ಇಡೀ ರನ್‌ಟೈಮ್, ಅಂದರೆ ಪ್ರೋಗ್ರಾಂ ಓಡಿಸುವ ಇನ್ನೊಂದು ವ್ಯವಸ್ಥೆ ಬೇಕು. ಒಂದು ಸಾಲು ಐಕಾನ್‌ಗೆ ಇಷ್ಟು ದೊಡ್ಡ ಸಂಸಾರ ಯಾಕೆ ಅನ್ನುವ ಪ್ರಶ್ನೆ ಬಂದೇ ಬಂತು.

ಪ್ಲ್ಯಾಂಕ್ ಹುಟ್ಟಿದ್ದು ಅಲ್ಲಿ. ಡಾಕಿ ಬಳಗದವರೇ ಅದನ್ನು ವಾಲಾ ಭಾಷೆಯಲ್ಲಿ ಹೊಸದಾಗಿ ಬರೆದರು. ವಾಲಾದಲ್ಲಿ ಬರೆದದ್ದು ಮೊದಲು ಸಿ ಭಾಷೆಗೆ ಬದಲಾಗಿ, ಆಮೇಲೆ ನೇರ ಮೆಷಿನ್ ಕೋಡ್ ಆಗುತ್ತದೆ. ನಡುವೆ ರನ್‌ಟೈಮ್ ಇಲ್ಲ. ಡಾಕ್‌ಗೆ ಬೇಕಾದಷ್ಟೇ ಇರಬೇಕು, ಅದರಾಚೆ ಏನೂ ಬೇಡ ಅನ್ನುವುದು ಅವರ ಗುರಿಯಾಗಿತ್ತು. ಪ್ಲ್ಯಾಂಕ್ ಅನ್ನುವುದು ಅಡಿಪಾಯ, ಮುಂದೆ ಡಾಕಿಯ ಮೂರನೇ ಆವೃತ್ತಿ ಇದರ ಮೇಲೆ ಏಳುತ್ತದೆ, ಅಲಂಕಾರವೆಲ್ಲ ಅಲ್ಲಿರಲಿ ಅಂತ ಯೋಜನೆ ಹಾಕಿದ್ದರು. ಆ ಮೂರನೇ ಆವೃತ್ತಿ ಬರಲೇ ಇಲ್ಲ. ಮನೆ ಏಳಲಿಲ್ಲ, ಅಡಿಪಾಯವನ್ನೇ ಜನ ಮನೆ ಮಾಡಿಕೊಂಡರು! ಎಲಿಮೆಂಟರಿ ಓಎಸ್ ಅನ್ನುವ ಲಿನಕ್ಸ್‌ನವರು 2013ರ ತಮ್ಮ ಲೂನಾ ಆವೃತ್ತಿಯಲ್ಲಿ ಪ್ಲ್ಯಾಂಕ್ ಅನ್ನು ಡೆಸ್ಕ್‌ಟಾಪ್‌ನ ಭಾಗವಾಗಿಯೇ ಕೊಟ್ಟರು. ಉಬುಂಟು ಮಾಟೆಯಲ್ಲಿ ಕೂಪರ್ಟಿನೊ ಅನ್ನುವ ವಿನ್ಯಾಸ ಆರಿಸಿದರೆ ಕೆಳಗೆ ಬಂದು ಕೂರುವುದೂ ಇದೇ ಪ್ಲ್ಯಾಂಕ್.

ಹಗುರ ಅಂತ ಎಲ್ಲರೂ ಹೇಳುತ್ತಾರಲ್ಲ, ಅದು ಎಲ್ಲಿ ಕಾಣುತ್ತದೆ ಅಂತ ತೋರಿಸುತ್ತೇನೆ. ನಿಮ್ಮ ಹೋಮ್ ಫೋಲ್ಡರ್‌ನಲ್ಲಿ ಅಡಗಿಸಿದ ಫೈಲ್‌ಗಳನ್ನು ತೋರಿಸಲು ಹೇಳಿ. ಕಾನ್ಫಿಗ್ ಫೋಲ್ಡರ್, ಅದರೊಳಗೆ ಪ್ಲ್ಯಾಂಕ್, ಅದರೊಳಗೆ ಡಾಕ್1, ಅದರೊಳಗೆ ಲಾಂಚರ್ಸ್. ಅಲ್ಲಿ ಪ್ರತಿ ಐಕಾನ್‌ಗೂ ಒಂದೊಂದು ಫೈಲ್ ಇದೆ. ಒಂದನ್ನು ತೆರೆದು ನೋಡಿ. ಎರಡೇ ಸಾಲು. ಮೊದಲನೆಯದು ಶೀರ್ಷಿಕೆ. ಎರಡನೆಯದು ಆ ಪ್ರೋಗ್ರಾಂನ ಡೆಸ್ಕ್‌ಟಾಪ್ ಫೈಲ್, ಅಂದರೆ ಅದರ ಹೆಸರು, ಐಕಾನ್, ತೆರೆಯುವ ಆಜ್ಞೆ ಬರೆದಿಟ್ಟ ಪುಟ್ಟ ಫೈಲ್, ಎಲ್ಲಿದೆ ಅನ್ನುವ ವಿಳಾಸ. ಮುಗೀತು. ಯಾವ ಐಕಾನ್ ಆದಮೇಲೆ ಯಾವುದು, ಸೈಜ್ ಎಷ್ಟು, ಯಾವ ಅಂಚು ಅನ್ನುವುದೆಲ್ಲ ಡಿಕಾನ್ಫ್ ಅನ್ನುವ ಸೆಟ್ಟಿಂಗ್‌ಗಳ ಉಗ್ರಾಣದಲ್ಲಿರುತ್ತದೆ. ಹೊಸ ಮೆಷಿನ್‌ಗೆ ಹೋಗುವಾಗ ಈ ಫೋಲ್ಡರ್ ನಕಲು ಮಾಡಿ, ಡಿಕಾನ್ಫ್‌ನಲ್ಲಿ ಪ್ಲ್ಯಾಂಕ್‌ನ ಭಾಗವನ್ನು ಬರೆದಿಟ್ಟುಕೊಂಡರೆ ಡಾಕ್ ಹಾಗೇ ಬರುತ್ತದೆ.

ಚಿತ್ರ ಬಿಡಿಸುವುದರಲ್ಲೂ ಅಷ್ಟೇ ಜಾಗ್ರತೆ ಇದೆ. ಐಕಾನ್‌ಗಳನ್ನು ಒಮ್ಮೆ ಬಿಡಿಸಿ ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಏನಾದರೂ ಬದಲಾದಾಗ ಮಾತ್ರ ಮತ್ತೆ ಬಿಡಿಸುತ್ತದೆ. ನೀವು ಮೌಸ್ ಮುಟ್ಟದೆ ಸುಮ್ನೆ ಓದುತ್ತಾ ಕೂತಿದ್ದರೆ ಅದೂ ಸುಮ್ನೆ ಕೂತಿರುತ್ತದೆ. 4 ಜಿಬಿ ರ‍್ಯಾಮ್ ಇರುವ ಹಳೇ ಲ್ಯಾಪ್‌ಟಾಪ್‌ನಲ್ಲಿ ಇದು ದೊಡ್ಡ ವಿಷಯ. ಸಿಸ್ಟಂ ಮಾನಿಟರ್ ತೆರೆದು ನೀವೇ ನೋಡಿ, ಬ್ರೌಸರ್‌ನ ಒಂದು ಟ್ಯಾಬ್ ತಿನ್ನುವುದು ಇದಕ್ಕಿಂತ ಜಾಸ್ತಿ.

ಈಗ ಎರಡನೇ ಕೆಲಸಕ್ಕೆ ಬರೋಣ.

ಪರದೆ ಮೇಲೆ ಒಂದು ಹೊಸ ವಿಂಡೋ ತೆರೆಯಿತು ಅಂತಿಟ್ಟುಕೊಳ್ಳಿ. ಅದು ಯಾವ ಆ್ಯಪ್‌ಗೆ ಸೇರಿದ್ದು ಅಂತ ಡಾಕ್ ತೀರ್ಮಾನಿಸಬೇಕು. ತೀರ್ಮಾನಿಸಿ ಸರಿಯಾದ ಐಕಾನ್ ಕೆಳಗೆ ಚುಕ್ಕಿ ಇಡಬೇಕು. ಮದುವೆ ಮನೆ ಬಾಗಿಲಲ್ಲಿ ನಿಂತವರ ಪರಿಸ್ಥಿತಿ ಇದು. ಬಂದವರು ಗಂಡಿನ ಕಡೆಯವರೋ ಹೆಣ್ಣಿನ ಕಡೆಯವರೋ ಅಂತ ಅವರನ್ನೇ ಕೇಳುವ ಹಾಗಿಲ್ಲ, ನೋಡಿಯೇ ತಿಳಿದುಕೊಳ್ಳಬೇಕು.

ನೋಡಿ ತಿಳಿಯೋಕೆ ಏನೇನು ಗುರುತುಗಳಿವೆ? ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಗೆ ತರುವ ಎಕ್ಸ್11 ಅನ್ನುವ ಹಳೆಯ ವ್ಯವಸ್ಥೆಯಲ್ಲಿ ವಿಂಡೋ ತನ್ನ ಜೊತೆ ಒಂದಷ್ಟು ಚೀಟಿ ತರುತ್ತದೆ. ಒಂದರಲ್ಲಿ ಪ್ರೋಸೆಸ್ ನಂಬರ್, ಅಂದರೆ ಓಡುತ್ತಿರುವ ಪ್ರೋಗ್ರಾಂಗೆ ಸಿಸ್ಟಂ ಕೊಟ್ಟ ನಂಬರ್ ಇರುತ್ತದೆ. ಇನ್ನೊಂದರಲ್ಲಿ ಡಬ್ಲ್ಯೂಎಂ ಕ್ಲಾಸ್ ಅನ್ನುವ ಹೆಸರು ಇರುತ್ತದೆ. ಪ್ರೋಸೆಸ್ ನಂಬರ್ ಹಿಡಿದು ಹೋದರೆ ಸಾಕಲ್ವಾ ಅಂತ ಅನಿಸುತ್ತದೆ. ಸಾಲದು. ಲಿಬ್ರೆಆಫೀಸ್ ನೋಡಿ. ಪತ್ರ ಬರೆಯುವ ರೈಟರ್ ಆಗಲಿ, ಲೆಕ್ಕದ ಕ್ಯಾಲ್ಕ್ ಆಗಲಿ, ಒಳಗೆ ಓಡುವುದು ಒಂದೇ ಪ್ರೋಸೆಸ್. ನಂಬರ್ ನಂಬಿದರೆ ಎಲ್ಲ ಒಂದೇ ಐಕಾನ್ ಕೆಳಗೆ ಬಂದು ಬೀಳುತ್ತವೆ. ಜಾವಾದಲ್ಲಿ ಬರೆದ ಪ್ರೋಗ್ರಾಂಗಳದ್ದು ಇನ್ನೊಂದು ಕಥೆ. ಪ್ರೋಸೆಸ್ ಪಟ್ಟಿಯಲ್ಲಿ ಅವೆಲ್ಲ 'ಜಾವಾ' ಅಂತಲೇ ಕಾಣುತ್ತವೆ. ಹಾಗಂತ ಹೆಸರನ್ನೇ ನಂಬೋಣ ಅಂದರೆ, ಅದನ್ನು ಆ್ಯಪ್ ಬರೆದವರು ತಮಗೆ ತೋಚಿದಂತೆ ಇಟ್ಟಿರುತ್ತಾರೆ.

ಈ ತಲೆನೋವನ್ನು ತನ್ನ ಮೇಲೆ ಹಾಕಿಕೊಂಡ ಬೇರೆಯೇ ಪ್ರೋಗ್ರಾಂ ಒಂದಿದೆ. ಹೆಸರು ಬಾಮ್ಫ್. ಡಾಕಿ ಬರೆದವರಲ್ಲಿ ಒಬ್ಬರಾದ ಜೇಸನ್ ಸ್ಮಿತ್ ಮುಂದೆ ಕ್ಯಾನೊನಿಕಲ್ ಕಂಪನಿ ಸೇರಿ, ಉಬುಂಟುವಿನ ಯೂನಿಟಿ ಡೆಸ್ಕ್‌ಟಾಪ್‌ಗಾಗಿ ಇದನ್ನು ಬರೆದರು. ಬಾಮ್ಫ್ ಹಿನ್ನೆಲೆಯಲ್ಲಿ ಕೂತು ನಿಮ್ಮ ಕಂಪ್ಯೂಟರ್‌ನಲ್ಲಿರುವ ಡೆಸ್ಕ್‌ಟಾಪ್ ಫೈಲ್‌ಗಳನ್ನೆಲ್ಲ ಓದಿಕೊಂಡಿರುತ್ತದೆ. ಹೊಸ ವಿಂಡೋ ಬಂದಾಗ ಅದರ ಹೆಸರು, ಅದರ ಪ್ರೋಸೆಸ್, ಆ ಪ್ರೋಸೆಸ್ ಶುರುವಾದ ಆಜ್ಞೆ ಎಲ್ಲವನ್ನೂ ತಾಳೆ ನೋಡಿ, 'ಇದು ಇಂಥದ್ದರದ್ದು' ಅಂತ ಹೇಳುತ್ತದೆ. ಪ್ಲ್ಯಾಂಕ್ ಅದರ ಮಾತು ಕೇಳಿ ಚುಕ್ಕಿ ಇಡುತ್ತದೆ. ಪ್ಲ್ಯಾಂಕ್ ಪುಟ್ಟದಾಗಿ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಅತಿ ಕಷ್ಟದ ಕೆಲಸವನ್ನು ಅದು ಪಕ್ಕದವರಿಗೆ ಒಪ್ಪಿಸಿದೆ.

ಬಾಮ್ಫ್ ಸೋತಾಗ ಏನಾಗುತ್ತದೆ ಅಂತ ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಡಾಕ್‌ನಲ್ಲಿ ಇಟ್ಟ ಐಕಾನ್ ಒತ್ತುತ್ತೀರಿ. ಅದು ಪುಟಿಯುತ್ತದೆ, ಆದರೆ ಅದರ ಕೆಳಗೆ ಚುಕ್ಕಿ ಬರುವುದಿಲ್ಲ. ಬದಲಿಗೆ ಡಾಕ್‌ನ ಕೊನೆಯಲ್ಲಿ ಇನ್ನೊಂದು ಐಕಾನ್ ಹುಟ್ಟಿಕೊಳ್ಳುತ್ತದೆ. ಒಂದೇ ಆ್ಯಪ್‌ಗೆ ಎರಡು ಐಕಾನ್! ಗೊತ್ತಿದ್ದವರಿಗೆ ಇದು ಕಿರಿಕಿರಿ, ಅಷ್ಟೇ. ಗೊತ್ತಿಲ್ಲದವರು ಮೊದಲನೇ ಐಕಾನನ್ನು ಮತ್ತೆ ಮತ್ತೆ ಒತ್ತುತ್ತಾರೆ, ಒಂದೇ ಪ್ರೋಗ್ರಾಂ ನಾಲ್ಕು ಸಲ ತೆರೆದುಕೊಳ್ಳುತ್ತದೆ, ಮೆಷಿನ್ ನಿಧಾನವಾಗುತ್ತದೆ, 'ಈ ಲಿನಕ್ಸ್ ಸರಿಯಿಲ್ಲ' ಅನ್ನುತ್ತಾರೆ.

ಒಂದು ಉದಾಹರಣೆ ತೆಗೆದುಕೊಂಡು ಬಿಡಿಸಿ ನೋಡೋಣ. ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಆರ್ಡುಯಿನೊ ಅನ್ನುವ ಪುಟ್ಟ ಎಲೆಕ್ಟ್ರಾನಿಕ್ ಸಾಧನ ಗೊತ್ತಿರುತ್ತದೆ. ಅದಕ್ಕೆ ಕೋಡ್ ಬರೆಯುವ 1.8 ಸರಣಿಯ ಪ್ರೋಗ್ರಾಂ ಜಾವಾದಲ್ಲಿ ಬರೆದದ್ದು. ಡೌನ್‌ಲೋಡ್ ಮಾಡಿದ ಕಟ್ಟು ಬಿಚ್ಚಿ, ನಿಮ್ಮದೇ ಒಂದು ಡೆಸ್ಕ್‌ಟಾಪ್ ಫೈಲ್ ಮಾಡಿ, ಐಕಾನ್ ಡಾಕ್‌ಗೆ ಹಾಕಿದಿರಿ ಅನ್ನಿ. ಜೋಡಿ ಐಕಾನ್ ಬರುತ್ತದೆ. ಈಗ ಟರ್ಮಿನಲ್ ತೆರೆದು 'ಎಕ್ಸ್‌ಪ್ರಾಪ್' ಅನ್ನುವ ಆಜ್ಞೆ ಕೊಡಿ. ಮೌಸ್ ಗುರುತು ಪ್ಲಸ್ ಚಿಹ್ನೆಯಾಗುತ್ತದೆ. ಅದರಿಂದ ಆರ್ಡುಯಿನೊ ವಿಂಡೋ ಮೇಲೆ ಒತ್ತಿ. ಉದ್ದಕ್ಕೆ ಒಂದಷ್ಟು ಸಾಲು ಸುರಿಯುತ್ತದೆ. ಅದರಲ್ಲಿ ಡಬ್ಲ್ಯೂಎಂ ಕ್ಲಾಸ್ ಇರುವ ಸಾಲು ಹುಡುಕಿ. ಅಲ್ಲಿ ಆರ್ಡುಯಿನೊ ಅನ್ನುವ ಹೆಸರೇ ಇಲ್ಲ! 'ಪ್ರೊಸೆಸಿಂಗ್-ಆ್ಯಪ್-ಬೇಸ್' ಅಂತಿದೆ. ಏನಿದು? ಆರ್ಡುಯಿನೊದ ಆ ಪ್ರೋಗ್ರಾಂ ಬೆಳೆದದ್ದು ಪ್ರೊಸೆಸಿಂಗ್ ಅನ್ನುವ ಇನ್ನೊಂದು ಓಪನ್ ಸೋರ್ಸ್ ಪ್ರೋಗ್ರಾಂನಿಂದ. ಹೊರಗಿನ ಬೋರ್ಡು ಬದಲಾಯಿತು, ಒಳಗೆ ಹಳೇ ಹೆಸರು ಹಾಗೇ ಉಳಿಯಿತು. ಪಾಪ, ಬಾಮ್ಫ್ ಆರ್ಡುಯಿನೊ ಅಂತ ಹುಡುಕಿದರೆ ಸಿಗುವುದಾದರೂ ಹೇಗೆ?

ಪರಿಹಾರ ಒಂದೇ ಸಾಲು. ಡೆಸ್ಕ್‌ಟಾಪ್ ಫೈಲ್ ತೆರೆದು 'ಸ್ಟಾರ್ಟಪ್ ಡಬ್ಲ್ಯೂಎಂ ಕ್ಲಾಸ್' ಅಂತ ಒಂದು ಸಾಲು ಸೇರಿಸಿ. ಇಂಗ್ಲಿಷ್‌ನಲ್ಲಿ, ನಡುವೆ ಜಾಗ ಬಿಡದೆ. ಸಮ ಚಿಹ್ನೆ ಹಾಕಿ ಎಕ್ಸ್‌ಪ್ರಾಪ್ ತೋರಿಸಿದ ಹೆಸರನ್ನು ಅಕ್ಷರಕ್ಕೆ ಅಕ್ಷರ ಹಾಗೇ ಬರೆಯಿರಿ. ದೊಡ್ಡಕ್ಷರ ಸಣ್ಣಕ್ಷರ ತಪ್ಪಬಾರದು. ಸೇವ್ ಮಾಡಿ, ಒಮ್ಮೆ ಲಾಗ್ ಔಟ್ ಆಗಿ ಬನ್ನಿ. ಚುಕ್ಕಿ ಸರಿಯಾದ ಜಾಗಕ್ಕೆ ಬಂದು ಕೂರುತ್ತದೆ. ಆರ್ಡುಯಿನೊ ಬಳಗದವರು ತಾವೇ ಕೊಡುವ ಡೆಸ್ಕ್‌ಟಾಪ್ ಫೈಲ್‌ನಲ್ಲಿ ಈ ಸಾಲು ಇದೆ. ನಾವೇ ಮಾಡಿಕೊಂಡಾಗ ಬಿಟ್ಟುಹೋಗುತ್ತದೆ. ಜೋಡಿ ಐಕಾನ್ ಸಮಸ್ಯೆಗಳಲ್ಲಿ ಹೆಚ್ಚಿನವು ಈ ಒಂದು ಸಾಲಿನಿಂದ ಬಗೆಹರಿಯುತ್ತವೆ. ನನ್ನ ಮಾತಿನಲ್ಲಿ ಬೇರೇನು ಮರೆತರೂ ಇದೊಂದನ್ನು ಬರೆದಿಟ್ಟುಕೊಳ್ಳಿ.

ಬಚ್ಚಿಟ್ಟುಕೊಳ್ಳುವುದರ ಬಗ್ಗೆಯೂ ಎರಡು ಮಾತು ಹೇಳಬೇಕು, ಯಾಕೆಂದರೆ ಅದೂ ವಿಂಡೋಗಳನ್ನು ನೋಡಿಯೇ ಮಾಡುವ ಕೆಲಸ. ಡಾಕ್ ಮೇಲೆ ಕಂಟ್ರೋಲ್ ಒತ್ತಿ ಹಿಡಿದು ರೈಟ್ ಕ್ಲಿಕ್ ಮಾಡಿದರೆ ಪ್ರಿಫರೆನ್ಸಸ್ ಸಿಗುತ್ತದೆ. ಬರೀ ರೈಟ್ ಕ್ಲಿಕ್ ಮಾಡಿ ಸಿಗಲಿಲ್ಲ ಅನ್ನುವವರು ಬಹಳ. ಅಲ್ಲಿ ಅಡಗುವ ಬಗೆಗಳು ಹಲವು ಇವೆ. ಆಟೋ ಅಂದರೆ ಮೌಸ್ ದೂರ ಹೋದ ಕೂಡಲೇ ಅಡಗುತ್ತದೆ. ವಿಂಡೋ ಡಾಡ್ಜ್ ಅಂದರೆ ಯಾವುದಾದರೂ ವಿಂಡೋ ತನ್ನ ಜಾಗಕ್ಕೆ ಬಂದರೆ ಮಾತ್ರ ಸರಿದುಕೊಳ್ಳುತ್ತದೆ. ಹೊಸಬರಿಗೆ ಆಟೋ ಬೇಡವೇ ಬೇಡ. ಕಣ್ಣೆದುರು ಇಲ್ಲದ ಡಾಕ್ ಅವರ ಪಾಲಿಗೆ ಇಲ್ಲದ ಡಾಕ್. ಅಡಗದ ಹಾಗೆ ಇಡಿ. ಆಗ ಪ್ಲ್ಯಾಂಕ್ ಅಷ್ಟು ಜಾಗ ತನಗೆ ಬೇಕು ಅಂತ ವಿಂಡೋಗಳನ್ನು ಜೋಡಿಸಿಡುವ ವಿಂಡೋ ಮ್ಯಾನೇಜರ್‌ಗೆ ಹೇಳುತ್ತದೆ. ದೊಡ್ಡದು ಮಾಡಿದ ವಿಂಡೋ ಕೂಡ ಡಾಕ್ ಮೇಲೆ ಬರುವುದಿಲ್ಲ.

ಆದರೆ ಹಳೇ ಲ್ಯಾಪ್‌ಟಾಪ್‌ಗಳ ಪರದೆ 1366 ಅಗಲ, 768 ಎತ್ತರ. ಎತ್ತರ ಮೊದಲೇ ಕಮ್ಮಿ. ಕೆಳಗೆ ಡಾಕ್, ಮೇಲೆ ಪ್ಯಾನೆಲ್ ಇಟ್ಟರೆ ನಡುವೆ ಓದಲು ಉಳಿಯುವುದು ಒಂದು ಕಿಂಡಿ. ಅಂಥ ಕಡೆ ಡಾಕನ್ನು ಎಡಗಡೆ ಅಂಚಿಗೆ ಹಾಕಿ. ಅಗಲ ಬೇಕಾದಷ್ಟಿದೆ. ನನ್ನ ಕೇಳಿದರೆ ಕೆಳಗಿಡುವುದು ಬರೀ ಅಭ್ಯಾಸಬಲ, ಈಗಿನ ಪರದೆಗಳಿಗೆ ಬದಿಯೇ ಸರಿ.

ವಯಸ್ಸಾದವರಿಗೆ ಹಾಕಿಕೊಡುವಾಗ ಇನ್ನೊಂದು ಕೆಲಸ ಮರೆಯದೆ ಮಾಡಿ. ಪ್ಲ್ಯಾಂಕ್‌ನಲ್ಲಿ ಐಕಾನನ್ನು ಎಳೆದು ಹೊರಗೆ ಬಿಟ್ಟರೆ ಅದು ಡಾಕ್‌ನಿಂದ ಹೋಗಿಬಿಡುತ್ತದೆ. ಕೈ ನಡುಗುವವರಿಗೆ ಕ್ಲಿಕ್ ಅನ್ನುವುದೇ ಎಷ್ಟೋ ಸಲ ಎಳೆತವಾಗುತ್ತದೆ. ಬೆಳಗ್ಗೆ ಇದ್ದ ಐಕಾನ್ ಸಂಜೆಗೆ ಇರುವುದಿಲ್ಲ. ಪ್ಲ್ಯಾಂಕ್‌ನ ಪ್ರಿಫರೆನ್ಸಸ್ ತೆರೆದು 'ಲಾಕ್ ಐಟಮ್ಸ್' ಆನ್ ಮಾಡಿ. ಎಳೆದರೂ ಐಕಾನ್ ಜಗ್ಗುವುದಿಲ್ಲ.

ಎಕ್ಸ್‌ಎಫ್‌ಸಿಇ ಅನ್ನುವ ಹಗುರ ಡೆಸ್ಕ್‌ಟಾಪ್ ಬಳಸುವವರು ಖಂಡಿತ ಕೇಳುವ ಪ್ರಶ್ನೆಯೊಂದಿದೆ. ಪ್ಲ್ಯಾಂಕ್ ಹಾಕಿದ ಮೇಲೆ ಪರದೆಯ ಕೆಳಭಾಗದಲ್ಲಿ ಒಂದು ತೆಳು ಅಡ್ಡಗೆರೆ ಕಾಣುತ್ತದೆ, ಅದೇನು? ಅದು ಪರದೆ ಹಾಳಾಗಿದ್ದಲ್ಲ, ಡಾಕ್‌ನ ನೆರಳು. ಪ್ಲ್ಯಾಂಕ್‌ನ ನಿಜವಾದ ವಿಂಡೋ ನಮಗೆ ಕಾಣುವುದಕ್ಕಿಂತ ದೊಡ್ಡದು, ಉಳಿದ ಭಾಗ ಪಾರದರ್ಶಕ. ವಿಂಡೋ ಮ್ಯಾನೇಜರ್ ಆ ಇಡೀ ವಿಂಡೋಗೆ ನೆರಳು ಹಾಕುತ್ತದೆ. ವಿಂಡೋ ಮ್ಯಾನೇಜರ್ ಟ್ವೀಕ್ಸ್‌ಗೆ ಹೋಗಿ, ಕಂಪೋಸಿಟರ್ ಅನ್ನುವ ಕಡೆ, ಡಾಕ್ ವಿಂಡೋಗಳ ಕೆಳಗೆ ನೆರಳು ಬೇಡ ಅಂತ ಟಿಕ್ ತೆಗೆಯಿರಿ. ಗೆರೆ ಹೋಗುತ್ತದೆ. ಅಲ್ಲೇ ಕಂಪೋಸಿಟರ್ ಆಫ್ ಆಗಿದ್ದರೆ ಆನ್ ಮಾಡಿ. ಅದಿಲ್ಲದಿದ್ದರೆ ಡಾಕ್ ಸುತ್ತ ಕಪ್ಪು ಪಟ್ಟಿ ಬರುತ್ತದೆ.

ಈಗ ಕನ್ನಡದ ವಿಷಯ. ಇದನ್ನು ನಾನು ಬೇಕಂತಲೇ ನಡುವೆ ಇಟ್ಟುಕೊಂಡಿದ್ದೇನೆ. ಡಾಕ್‌ನ ಐಕಾನ್ ಮೇಲೆ ಮೌಸ್ ನಿಲ್ಲಿಸಿದರೆ ಹೆಸರು ಕಾಣುತ್ತದಲ್ಲ, ಅದು ಎಲ್ಲಿಂದ ಬರುತ್ತದೆ? ಅದೇ ಡೆಸ್ಕ್‌ಟಾಪ್ ಫೈಲ್‌ನಿಂದ. ಆ ಫೈಲ್‌ನಲ್ಲಿ ಹೆಸರಿನ ಸಾಲು ಒಂದೇ ಇರುವುದಿಲ್ಲ. ಭಾಷೆಗೊಂದು ಸಾಲು ಇರಬಹುದು. ಕನ್ನಡದ ಗುರುತು ಕೆ ಎನ್ ಅನ್ನುವ ಎರಡು ಅಕ್ಷರ, ಚೌಕಾಕಾರದ ಆವರಣದೊಳಗೆ. ನಿಮ್ಮ ಸಿಸ್ಟಂನ ಭಾಷೆ ಕನ್ನಡ ಇದ್ದರೆ, ಆ ಸಾಲೂ ಇದ್ದರೆ, ಹೆಸರು ಕನ್ನಡದಲ್ಲಿ ಬರುತ್ತದೆ. ಸಾಲು ಇಲ್ಲದಿದ್ದರೆ ಇಂಗ್ಲಿಷ್. ಗ್ನೋಮ್ ಡೆಸ್ಕ್‌ಟಾಪ್‌ನ ಹಲವು ಆ್ಯಪ್‌ಗಳಲ್ಲಿ ಕನ್ನಡದ ಸಾಲು ಇದೆ, ಯಾರೋ ಪುಣ್ಯಾತ್ಮರು ವರ್ಷಗಳ ಹಿಂದೆ ಕೂತು ಅನುವಾದ ಮಾಡಿದ್ದಾರೆ. ಇನ್ನೆಷ್ಟೋ ಆ್ಯಪ್‌ಗಳಲ್ಲಿ ಇಲ್ಲ. ಅಕ್ಷರ ಮೂಡುವುದರಲ್ಲಿ ತೊಂದರೆಯಿಲ್ಲ. ಹೆಸರು ಬರೆಯಲು ಪ್ಯಾಂಗೊ ಅನ್ನುವ ಲೈಬ್ರರಿ ಇರುವುದರಿಂದ ಒತ್ತಕ್ಷರಗಳು ಸರಿಯಾಗಿ ಬರುತ್ತವೆ. ಡೆಬಿಯನ್, ಉಬುಂಟುಗಳಲ್ಲಿ ಗುಬ್ಬಿ, ನವಿಲು ಅಂತ ಕನ್ನಡದ ಫಾಂಟ್‌ಗಳೂ ಪ್ಯಾಕೇಜ್ ಆಗಿಯೇ ಸಿಗುತ್ತವೆ.

ಇಲ್ಲದ ಹೆಸರನ್ನು ನೀವೇ ಸೇರಿಸಬಹುದು. ಸಿಸ್ಟಂನ ಅಪ್ಲಿಕೇಶನ್ಸ್ ಫೋಲ್ಡರ್‌ನಿಂದ ಡೆಸ್ಕ್‌ಟಾಪ್ ಫೈಲನ್ನು ನಿಮ್ಮ ಹೋಮ್ ಒಳಗಿನ ಅಪ್ಲಿಕೇಶನ್ಸ್ ಫೋಲ್ಡರ್‌ಗೆ ನಕಲು ಮಾಡಿ, ಅಲ್ಲಿ ಕನ್ನಡದ ಸಾಲು ಬರೆಯಿರಿ. ಮನೆಯವರು ಹೇಗೆ ಕರೆಯುತ್ತಾರೋ ಹಾಗೇ ಬರೆಯಿರಿ. 'ಚಿತ್ರ ವೀಕ್ಷಕ' ಅಂತಲೇ ಇರಬೇಕೆಂದು ಯಾರೂ ಹೇಳಿಲ್ಲ, ಅಜ್ಜಿಗೆ 'ಫೋಟೋ' ಅಂದರೆ ಸಾಕು. ಒಂದು ಸೂಕ್ಷ್ಮ ಇದೆ. ಆಗ ಎರಡು ಸಾಲಿನ ಫೈಲ್ ತೋರಿಸಿದೆನಲ್ಲ, ಅದರಲ್ಲಿ ಪೂರ್ತಿ ವಿಳಾಸ ಇರುತ್ತದೆ. ಅದು ಇನ್ನೂ ಹಳೇ ಫೈಲ್ ಕಡೆಗೇ ಕೈ ತೋರಿಸುತ್ತಿರುತ್ತದೆ. ಹಾಗಾಗಿ ಡಾಕ್‌ನಿಂದ ಆ ಐಕಾನ್ ತೆಗೆದು, ಮೆನುವಿನಿಂದ ಆ್ಯಪ್ ತೆರೆದು, 'ಕೀಪ್ ಇನ್ ಡಾಕ್' ಮತ್ತೆ ಒತ್ತಿ. ಅಪ್‌ಡೇಟ್ ಬಂದರೂ ನಿಮ್ಮ ನಕಲು ಅಳಿಯುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕಹಿ ಸುದ್ದಿಯನ್ನೂ ಹೇಳಬೇಕು. ಪ್ಲ್ಯಾಂಕ್‌ನ ಮೂಲ ಬಳಗದಿಂದ ಬಂದ 0.11.89 ಆವೃತ್ತಿ 2019ರದ್ದು. ಆಮೇಲೆ ಹೊಸದೇನೂ ಬಂದಿಲ್ಲ. ಆದರೂ ಇವತ್ತಿಗೂ ಓಡುತ್ತಿದೆ. ಪುಟ್ಟದಾಗಿ ಬರೆದ ಪ್ರೋಗ್ರಾಂಗೆ ಇದೊಂದು ಲಾಭ, ಕೆಡುವ ಭಾಗಗಳೇ ಕಮ್ಮಿ. ಆದರೆ ಅದು ನಿಂತಿರುವ ನೆಲವೇ ಸರಿಯುತ್ತಿದೆ. ಆ ನೆಲ ಎಕ್ಸ್11.

ಎಕ್ಸ್11ನಲ್ಲಿ ಯಾವ ಪ್ರೋಗ್ರಾಂ ಬೇಕಾದರೂ 'ಪರದೆ ಮೇಲೆ ಯಾವ ಯಾವ ವಿಂಡೋ ಇವೆ, ಎಲ್ಲೆಲ್ಲಿವೆ, ಹೆಸರೇನು' ಅಂತ ಕೇಳಬಹುದು. ಉತ್ತರ ಸಿಗುತ್ತದೆ. ಡಾಕ್ ಬದುಕಿರುವುದೇ ಇದರ ಮೇಲೆ. ಆದರೆ ಅದೇ ಬಾಗಿಲಿನಿಂದ ಕೆಟ್ಟ ಪ್ರೋಗ್ರಾಂ ಕೂಡ ಒಳಗೆ ಬರಬಹುದು. ನೀವು ಬ್ಯಾಂಕ್ ಪಾಸ್‌ವರ್ಡ್ ಒತ್ತುವಾಗ ಇನ್ನೊಂದು ಪ್ರೋಗ್ರಾಂ ಕದ್ದು ನೋಡಬಹುದು. ಎಕ್ಸ್11 ಜಾಗಕ್ಕೆ ಅಂತ 2008ರಲ್ಲಿ ಕ್ರಿಸ್ಟಿಯನ್ ಹಾಗ್ಸ್‌ಬರ್ಗ್ ಶುರು ಮಾಡಿದ ವೇಲ್ಯಾಂಡ್ ಆ ಬಾಗಿಲನ್ನು ಮುಚ್ಚಿತು. ವೇಲ್ಯಾಂಡ್‌ನಲ್ಲಿ ಒಂದು ಪ್ರೋಗ್ರಾಂಗೆ ಇನ್ನೊಂದರ ವಿಂಡೋ ಕಾಣುವುದಿಲ್ಲ. ಇದು ಸರಿಯಾದ ತೀರ್ಮಾನ, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಡಾಕ್‌ನ ಎರಡನೇ ಕೆಲಸ ಅಲ್ಲಿಗೆ ನಿಂತಿತು. ಬೇರೆ ವಿಂಡೋ ಕಾಣದಿದ್ದರೆ ಚುಕ್ಕಿ ಎಲ್ಲಿ ಇಡುವುದು?

ಇದಕ್ಕೆ ಒಬ್ಬೊಬ್ಬರು ಒಂದೊಂದು ದಾರಿ ಹುಡುಕಿದ್ದಾರೆ. ಗ್ನೋಮ್‌ನಲ್ಲಿ ಹೊರಗಿನ ಡಾಕ್‌ಗೆ ಪ್ರವೇಶವೇ ಇಲ್ಲ. ಅಲ್ಲಿ ಡಾಕ್ ಅಂದರೆ ಡೆಸ್ಕ್‌ಟಾಪ್‌ನ ಒಳಗೇ ಓಡುವ ಎಕ್ಸ್‌ಟೆನ್ಶನ್, ಡ್ಯಾಶ್ ಟು ಡಾಕ್ ಥರದ್ದು. 2017ರ ಉಬುಂಟು 17.10ರಿಂದ ನಾವು ಎಡಗಡೆ ನೋಡುತ್ತಿರುವ ಡಾಕ್ ಅದರದೇ ಕವಲು. ವೇಲ್ಯಾಂಡ್ ಮೇಲೆ ಓಡುವ ಸ್ವೇ ಮೊದಲಾದವುಗಳ ಬಳಗ ಎರಡು ಪ್ರೋಟೊಕಾಲ್, ಅಂದರೆ ಪ್ರೋಗ್ರಾಂಗಳು ಮಾತಾಡಿಕೊಳ್ಳುವ ನಿಯಮ ಬರೆದಿದೆ. ಒಂದು ಡಾಕ್‌ಗೆ ಅಂಚಿನಲ್ಲಿ ಜಾಗ ಕೊಡುತ್ತದೆ, ಇನ್ನೊಂದು ತೆರೆದಿರುವ ವಿಂಡೋಗಳ ಪಟ್ಟಿ ಕೊಡುತ್ತದೆ. ಎಲಿಮೆಂಟರಿ ಓಎಸ್‌ನವರು 2024ರ ಎಂಟನೇ ಆವೃತ್ತಿಯಲ್ಲಿ ಪ್ಲ್ಯಾಂಕ್ ಬಿಟ್ಟು ತಮ್ಮದೇ ಹೊಸ ಡಾಕ್ ಬರೆದುಕೊಂಡರು. ಕೆಡಿಇ ಡೆಸ್ಕ್‌ಟಾಪ್ ಕಡೆ ಲ್ಯಾಟೆ ಡಾಕ್ ಅಂತ ಬಹಳ ಸೊಗಸಾದದ್ದೊಂದಿತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು 2022ರಲ್ಲಿ ಕೈಬಿಟ್ಟರು, ಯೋಜನೆ ನಿಂತಿತು. ಒಬ್ಬರ ಹೆಗಲ ಮೇಲೆ ಇಡೀ ಡಾಕ್ ಇದ್ದರೆ ಹೀಗಾಗುತ್ತದೆ. ಅವರ ತಪ್ಪಲ್ಲ ಅದು, ಬಳಸುತ್ತಿದ್ದ ನಾವು ಯಾರೂ ಹೆಗಲು ಕೊಡಲಿಲ್ಲ.

ಒಂದು ಸಮಾಧಾನದ ವಿಷಯವಿದೆ, ಇದನ್ನು ಜಾಸ್ತಿ ಜನ ಹೇಳುವುದಿಲ್ಲ. ವೇಲ್ಯಾಂಡ್‌ನಲ್ಲಿ ವಿಂಡೋಗಳನ್ನು ನೋಡಲು ಅನುಮತಿ ಸಿಗುವುದು ಕಷ್ಟವಾಯಿತು ನಿಜ. ಆದರೆ ಸಿಕ್ಕ ಮೇಲೆ ಗುರುತಿಸುವುದು ಸುಲಭವಾಯಿತು. ಅಲ್ಲಿ ಪ್ರತಿ ವಿಂಡೋಗೂ ಆ್ಯಪ್ ಐಡಿ ಅಂತ ಒಂದು ಹೆಸರು ಕೊಡುತ್ತಾರೆ. ಅದು ಡೆಸ್ಕ್‌ಟಾಪ್ ಫೈಲ್‌ನ ಹೆಸರೇ ಆಗಿರಲಿ ಅನ್ನುವುದು ಸಲಹೆ. ಎಲ್ಲರೂ ಅದನ್ನು ಪಾಲಿಸಿದರೆ ಬಾಮ್ಫ್ ಮಾಡುವ ಊಹೆಯ ಕೆಲಸವೇ ಬೇಕಿಲ್ಲ.

ಹಾಗಾದರೆ ಈಗ ಪ್ಲ್ಯಾಂಕ್ ಹಾಕೋದಾ ಬೇಡವಾ? ನಿಮ್ಮ ಡೆಸ್ಕ್‌ಟಾಪ್ ನೋಡಿ ಹೇಳಬೇಕು. 2025ರಲ್ಲಿ ಬಂದ ಉಬುಂಟು 25.10ರಲ್ಲಿ ಗ್ನೋಮ್‌ಗೆ ಎಕ್ಸ್11 ಸೆಷನ್ನೇ ಇಲ್ಲ. ಅಂಥ ಕಡೆ ಅದರ ಜೊತೆ ಬಂದ ಡಾಕನ್ನೇ ಬಳಸಿ. ಕೆಡಿಇ ಪ್ಲಾಸ್ಮಾದಲ್ಲಿ ಪ್ಯಾನೆಲ್ಲೇ ಡಾಕ್ ಆಗುತ್ತದೆ, ಬೇರೆ ಬೇಕಿಲ್ಲ. ಹಳೇ ಮೆಷಿನ್‌ಗೆ ನಾವು ಹಾಕುವುದು ಸಾಮಾನ್ಯವಾಗಿ ಎಕ್ಸ್‌ಎಫ್‌ಸಿಇ, ಮಾಟೆ, ಇಲ್ಲಾ ಮಿಂಟ್‌ನ ಸಿನಮನ್. 2024ರ ಕೊನೆಗೆ ಬಂದ ಎಕ್ಸ್‌ಎಫ್‌ಸಿಇ 4.20ರಲ್ಲಿ ವೇಲ್ಯಾಂಡ್ ಇನ್ನೂ ಪ್ರಯೋಗದ ಹಂತದಲ್ಲಿದೆ. ಇವೆಲ್ಲ ಈಗಲೂ ಎಕ್ಸ್11 ಮೇಲೇ ಓಡುತ್ತವೆ. ಅಲ್ಲಿ ಪ್ಲ್ಯಾಂಕ್ ಧಾರಾಳವಾಗಿ ಹಾಕಿ. ಪ್ಲ್ಯಾಂಕ್ ರಿಲೋಡೆಡ್ ಅನ್ನುವ ಹೊಸ ಕವಲೂ ಇದೆ, ಈ ಡೆಸ್ಕ್‌ಟಾಪ್‌ಗಳನ್ನೇ ಗುರಿಯಾಗಿಟ್ಟುಕೊಂಡದ್ದು. ಹಳೇದರಲ್ಲಿ ತೊಂದರೆ ಕಂಡರೆ ಅದನ್ನು ನೋಡಿ. ಇನ್ನೂ ಹಗುರ ಬೇಕು ಅನ್ನುವವರು ಎಕ್ಸ್‌ಎಫ್‌ಸಿಇ ಪ್ಯಾನೆಲ್‌ಗೇ ಡಾಕ್‌ಲೈಕ್ ಅನ್ನುವ ಪ್ಲಗಿನ್ ಹಾಕಿಕೊಳ್ಳಬಹುದು. 2 ಜಿಬಿ ರ‍್ಯಾಮ್‌ನ ಮೆಷಿನ್ ಆದರೆ ನಾನು ಅದನ್ನೇ ಹೇಳುತ್ತೇನೆ. ಬಣ್ಣ ಬೆಡಗು ಬೇಕು, ಮೆಷಿನ್‌ಗೂ ತಾಕತ್ತಿದೆ ಅನ್ನುವವರಿಗೆ ಕೈರೋ ಡಾಕ್ ಇದ್ದೇ ಇದೆ.

ಕೊನೆಯದಾಗಿ, ನಮ್ಮ ಕೈಯಲ್ಲಾಗುವ ಕೆಲಸ. ಡಾಕ್ ಬರೆಯಲು ನಿಮಗೆಲ್ಲ ಬರಬೇಕಿಲ್ಲ. ಆದರೆ ಜೋಡಿ ಐಕಾನ್ ಕಂಡರೆ ಎಕ್ಸ್‌ಪ್ರಾಪ್ ಓಡಿಸಿ, ಬಿಟ್ಟುಹೋದ ಸಾಲು ಯಾವುದು ಅಂತ ಕಂಡುಹಿಡಿಯುವುದು ಈಗ ನಿಮಗೆ ಗೊತ್ತು. ನಿಮ್ಮ ಮೆಷಿನ್‌ನಲ್ಲಿ ಸರಿ ಮಾಡಿಕೊಂಡು ಸುಮ್ಮನಾಗಬೇಡಿ. ಆ ಆ್ಯಪ್ ಬರೆಯುವವರಿಗೆ ಆ ಒಂದು ಸಾಲನ್ನು ಕಳಿಸಿ, ಎಕ್ಸ್‌ಪ್ರಾಪ್ ತೋರಿಸಿದ್ದನ್ನೂ ಜೊತೆಗಿಡಿ. ಒಂದು ಸಾಲಿನ ತಿದ್ದುಪಡಿ ಓದಲು ಅವರಿಗೂ ಹೊತ್ತು ಬೇಕಿಲ್ಲ, ಬೇಗ ಸೇರಿಸಿಕೊಳ್ಳುತ್ತಾರೆ. ಕನ್ನಡದ ಹೆಸರಿನ ಸಾಲನ್ನೂ ಹಾಗೇ ಕಳಿಸಿ. ಕೆಲವು ಯೋಜನೆಗಳಲ್ಲಿ ಅದನ್ನು ಅನುವಾದದ ಫೈಲ್ ಮೂಲಕ ಕಳಿಸಬೇಕು, ಎಲ್ಲಿ ಹೇಗೆ ಅಂತ ಅವರ ಸೂಚನೆಗಳಲ್ಲಿ ಬರೆದಿರುತ್ತಾರೆ.

ಲ್ಯಾಪ್‌ಟಾಪ್ ತಂದಿರುವವರು ಈಗಲೇ ತೆರೆಯಿರಿ. ಜೋಡಿ ಐಕಾನ್ ತೋರಿಸುವ ಆ್ಯಪ್ ನಿಮ್ಮಲ್ಲಿದ್ದರೆ ಮುಂದಿನ ಬೆಂಚಿಗೆ ತನ್ನಿ, ಒಂದೊಂದಾಗಿ ನೋಡೋಣ.